ಇಳಿಯದ ತುತ್ತು: ತಲೆ-ಕತ್ತಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಅನಂತರದ ನುಂಗುವಿಕೆಯ ತೊಡಕುಗಳು

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಊಟವೆಂದರೆ ಮುದ್ದೆ. ಈ ಭಾಗದ ಆಡುಮಾತಿನಲ್ಲಿ ‘ಹಿಟ್ಟು’ ಎಂಬ ಪದವೇ ಮುದ್ದೆಗೆ ಪರ್ಯಾಯವಾಗಿದೆ. ಮುದ್ದೆಯ ವಿಶೇಷವೆಂದರೆ ಅದನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಬೆರಳುಗಳಿಂದ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ ತುತ್ತು ನೇರವಾಗಿ ಗಂಟಲಿಗೆ ಇಳಿಯಬೇಕು. ನುಂಗುವ ಕ್ರಿಯೆಯನ್ನು ಇಷ್ಟು ನೇರವಾಗಿ ಅವಲಂಬಿಸಿದ ನಿತ್ಯಾಹಾರಗಳು ವಿರಳ. ಆದುದರಿಂದಲೇ ನಾಲಗೆ, ದವಡೆ, ಗಂಟಲು ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಪಡೆದು ಊರಿಗೆ ಮರಳಿದ ಈ ಸೀಮೆಯ ವ್ಯಕ್ತಿಗೆ ನುಂಗುವಿಕೆಯ ತೊಡಕು ಬರಿಯ ವೈದ್ಯಕೀಯ ಲಕ್ಷಣವಾಗಿ ಉಳಿಯುವುದಿಲ್ಲ. ಅವನ ನಿತ್ಯದ ಅನ್ನವೇ ಅವನಿಂದ ದೂರವಾಗುತ್ತದೆ.

ಗೆಡ್ಡೆಯನ್ನು ತೆಗೆದು, ರೋಗ ಮರುಕಳಿಸದಿದ್ದರೆ ಚಿಕಿತ್ಸೆ ಸಫಲವಾಯಿತೆಂದು ನಾವು ಭಾವಿಸುತ್ತೇವೆ. ಪ್ರಾಣ ಉಳಿಸುವುದು ಮೊದಲ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನುಂಗುವ ಶಕ್ತಿಯನ್ನು ಉಳಿಸುವುದು, ಕುಂದಿದ್ದನ್ನು ಮರಳಿ ಕಲಿಸುವುದು, ಮುಂದಿನ ಹಲವು ವರ್ಷಗಳ ಕಾಲ ಅದನ್ನು ಗಮನಿಸುತ್ತಿರುವುದು ಸಹ ಚಿಕಿತ್ಸೆಯ ಅಂಗಗಳೇ ಆಗಬೇಕು ಮತ್ತು ಇವುಗಳಲ್ಲಿ ಬಹುಪಾಲು ಕೆಲಸ ರೋಗಿಯ ಊರಿನಲ್ಲಿ, ಅವನ ಅಡುಗೆಮನೆಯ ಪದಾರ್ಥಗಳಿಂದಲೇ ನಡೆಯಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ರೋಗದ ನೆಲೆ

ಭಾರತದಲ್ಲಿ ಪುರುಷರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ಗೆ ಅಗ್ರಸ್ಥಾನವಿದೆ. 2022ರ ಜಾಗತಿಕ ಅಂದಾಜಿನಂತೆ, ದೇಶದಲ್ಲಿ ಸ್ತ್ರೀಪುರುಷರಿಬ್ಬರಲ್ಲೂ ಸೇರಿ ಆ ಒಂದು ವರ್ಷದಲ್ಲಿ ಈ ರೋಗದ ಹೊಸ ಪ್ರಕರಣಗಳು 1 ಲಕ್ಷ 40 ಸಾವಿರವನ್ನು ಮೀರಿದ್ದವು. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಮದ್ಯ ಇವು ಪರಿಚಿತ ಕಾರಣಗಳು. ಅಡಿಕೆಯೂ ಹೊಗೆಸೊಪ್ಪಿನ ನೆರವಿಲ್ಲದೆಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆಯುವ, ಎಲೆ ಅಡಿಕೆಯನ್ನು ಮಂಗಳದ್ರವ್ಯವೆಂದು ಗೌರವಿಸುವ ಜಿಲ್ಲೆಗೆ ಇದು ಅಪ್ರಿಯವಾದರೂ ಅರಿತಿರಬೇಕಾದ ಸಂಗತಿ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದ ಮೇಲೆ ಪಾನ್ ಮಸಾಲ ಮತ್ತು ಹೊಗೆಸೊಪ್ಪಿನ ಪುಡಿ ಬೇರೆ ಬೇರೆ ಪೊಟ್ಟಣಗಳಲ್ಲಿ ದೊರೆಯತೊಡಗಿದವು. ಕೊಂಡವರ ಬಾಯಲ್ಲಿ ಅವು ಮತ್ತೆ ಒಂದಾದವು.

ಅಡಿಕೆಗೂ ನಮ್ಮ ವಿಷಯಕ್ಕೂ ಇನ್ನೊಂದು ಸಂಬಂಧವಿದೆ. ದೀರ್ಘಕಾಲ ಅಡಿಕೆ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತದೆ, ಬಾಯಿ ಪೂರ್ತಿ ತೆರೆಯದಂತಾಗುತ್ತದೆ. ಇಂಥವರು ಶಸ್ತ್ರಚಿಕಿತ್ಸೆಗೆ ಬರುವ ಮೊದಲೇ ನುಂಗುವಿಕೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತಾರೆ. ಶಸ್ತ್ರಕ್ರಿಯೆಯ ಗಾಯದ ಕಲೆ ಮತ್ತು ವಿಕಿರಣದ ಬಿಗಿತ ಆ ಹಳೆಯ ಬಿಗಿತದ ಮೇಲೆ ಕೂಡುತ್ತವೆ.

ತುತ್ತು ಇಳಿಯುವ ಬಗೆ

ಆರೋಗ್ಯವಂತನು ಎಂಜಲು ನುಂಗುವುದೂ ಸೇರಿ ದಿನಕ್ಕೆ ಸುಮಾರು 600 ಸಲ ನುಂಗುತ್ತಾನೆ. ಒಮ್ಮೆಯೂ ಅದರ ಅರಿವು ಅವನಿಗಿರುವುದಿಲ್ಲ. ಈ ಸರಳ ಕ್ರಿಯೆಯ ಹಿಂದೆ ಐದು ಜೋಡಿ ಕಪಾಲ ನರಗಳ ಮತ್ತು ಇಪ್ಪತ್ತೈದಕ್ಕೂ ಹೆಚ್ಚು ಜೋಡಿ ಸ್ನಾಯುಗಳ ಹೊಂದಾಣಿಕೆಯಿದೆ.

ಮುದ್ದೆಯ ತುತ್ತನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ತುಟಿಗಳು ಮುಚ್ಚಿಕೊಳ್ಳುತ್ತವೆ. ನಾಲಗೆಯ ತುದಿ ಅಂಗುಳಕ್ಕೆ ಒತ್ತಿಕೊಂಡು, ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ನಾಲಗೆಯ ಬುಡ ಹಿಂದಕ್ಕೆ ಸರಿದು ಗಂಟಲ ಗೋಡೆಯನ್ನು ಒತ್ತುತ್ತದೆ. ತುತ್ತನ್ನು ಕೆಳಕ್ಕೆ ನೂಕುವ ಮುಖ್ಯ ಬಲ ಇದೇ. ಅದೇ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎಳೆಯಲ್ಪಡುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮೃದ್ವಸ್ಥಿ ಅದರ ಬಾಯಿಯ ಮೇಲೆ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ. ಧ್ವನಿಪೆಟ್ಟಿಗೆಯ ಈ ಚಲನೆಯಿಂದಲೇ ಅನ್ನನಾಳದ ಮೇಲ್ದ್ವಾರ ಎಳೆಯಲ್ಪಟ್ಟು ತೆರೆದುಕೊಳ್ಳುತ್ತದೆ. ಗಂಟಲಿನಲ್ಲಿ ನಡೆಯುವ ಈ ಎಲ್ಲ ಕ್ರಿಯೆಗೆ ಬೇಕಾಗುವುದು ಸುಮಾರು ಒಂದು ಸೆಕೆಂಡು. ಅನಂತರ ಅನ್ನನಾಳದ ಅಲೆಯಂಥ ಚಲನೆ ತುತ್ತನ್ನು ಜಠರಕ್ಕೆ ಮುಟ್ಟಿಸುತ್ತದೆ.

ಅನ್ನವನ್ನು ಅಗಿದು ನುಣುಪು ಮಾಡಿಕೊಳ್ಳಬಹುದು. ಅಂಟುಗುಣವುಳ್ಳ ಮುದ್ದೆಗೆ ಆ ಸೌಲಭ್ಯವಿಲ್ಲ. ಅದು ಜಾರಬೇಕಾದರೆ ಜೊಲ್ಲು ಮತ್ತು ಸಾರು ಬೇಕು. ಸರಿಯಬೇಕಾದರೆ ನಾಲಗೆಯ ಪೂರ್ಣ ಬಲ ಬೇಕು. ದಾಟಬೇಕಾದರೆ ಅನ್ನನಾಳದ ದ್ವಾರ ಚೆನ್ನಾಗಿ ತೆರೆಯಬೇಕು. ಇವುಗಳಲ್ಲಿ ಯಾವುದೊಂದು ಕುಂದಿದರೂ ಮೊದಲು ನಿಲ್ಲುವ ಆಹಾರ ಮುದ್ದೆಯೇ.

ಶಸ್ತ್ರಕ್ರಿಯೆ ಬದಲಿಸುವ ಮಾರ್ಗ

ನುಂಗುವಿಕೆಯ ತೊಡಕು ಎಲ್ಲರಲ್ಲೂ ಒಂದೇ ಬಗೆಯದಲ್ಲ. ಯಾವ ಅಂಗವನ್ನು, ಎಷ್ಟು ಪ್ರಮಾಣದಲ್ಲಿ ತೆಗೆಯಲಾಯಿತು, ಆ ಸ್ಥಳವನ್ನು ಯಾವುದರಿಂದ ತುಂಬಲಾಯಿತು, ಅನಂತರ ವಿಕಿರಣ ನೀಡಲಾಯಿತೆ ಎಂಬುದನ್ನು ಅವಲಂಬಿಸಿ ಅದು ಬದಲಾಗುತ್ತದೆ.

ನಾಲಗೆಯ ಮುಂಭಾಗದ ಸ್ವಲ್ಪ ಅಂಶವನ್ನು ತೆಗೆದಾಗ ಉಳಿದ ಭಾಗ ಕಾಲಕ್ರಮದಲ್ಲಿ ಹೊಂದಿಕೊಳ್ಳುವುದು ಸಾಮಾನ್ಯ. ಅರ್ಧಕ್ಕಿಂತ ಹೆಚ್ಚನ್ನು, ಮುಖ್ಯವಾಗಿ ನಾಲಗೆಯ ಬುಡವನ್ನು ತೆಗೆದಾಗ ತಳ್ಳುವ ಬಲವೇ ನಷ್ಟವಾಗುತ್ತದೆ. ಎದೆಯ ಸ್ನಾಯುವನ್ನೋ ಮುಂಗೈಯ ಚರ್ಮವನ್ನೋ ತಂದು ಕೂಡಿಸಿದರೆ ತೆರಪು ತುಂಬುತ್ತದೆ. ಆದರೆ ಆ ಹೊಸ ಅಂಗಾಂಶಕ್ಕೆ ನಾಲಗೆಯ ಚಲನೆಯಿಲ್ಲ, ರುಚಿಯಿಲ್ಲ, ತುತ್ತು ಎಲ್ಲಿದೆಯೆಂಬ ಸ್ಪರ್ಶಜ್ಞಾನವೂ ಮೊದಲಿನಂತಿರುವುದಿಲ್ಲ. ಕೆಳದವಡೆಯನ್ನು ಕತ್ತರಿಸಿದಾಗ ಅಗಿಯುವ ಶಕ್ತಿಯೂ ತುಟಿಗಳ ಹಿಡಿತವೂ ತಗ್ಗಿ, ಸಾರು ಬಾಯಂಚಿನಿಂದ ಸುರಿಯಬಹುದು. ಅಂಗುಳದ ಭಾಗ ಹೋದರೆ ಕುಡಿದದ್ದು ಮೂಗಿನಿಂದ ಬರುತ್ತದೆ. ಕೃತಕ ಅಂಗುಳದಿಂದ ಈ ತೆರಪನ್ನು ಮುಚ್ಚಬಹುದು. ಧ್ವನಿಪೆಟ್ಟಿಗೆಯ ಸ್ವಲ್ಪ ಭಾಗವನ್ನು ಮಾತ್ರ ತೆಗೆದವರಲ್ಲಿ ಶ್ವಾಸಮಾರ್ಗದ ರಕ್ಷಣೆ ಸಡಿಲಗೊಳ್ಳುತ್ತದೆ.

ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆಯುವ ಶಸ್ತ್ರಕ್ರಿಯೆಯನ್ನು ಕ್ಯಾನ್ಸರ್ ರೋಗಿಯೊಬ್ಬನಿಗೆ ಮೊದಲು ನೆರವೇರಿಸಿದವನು ವಿಯೆನ್ನಾದ ಥಿಯೊಡೋರ್ ಬಿಲ್ರೋತ್; ಅದು 1873ರ ಮಾತು. ಈ ಶಸ್ತ್ರಕ್ರಿಯೆಯ ಅನಂತರ ಉಸಿರಾಟ ಕತ್ತಿನ ಮುಂಭಾಗದ ರಂಧ್ರದಿಂದ ನಡೆಯುವುದರಿಂದ ಅನ್ನದ ದಾರಿಯೂ ಉಸಿರಿನ ದಾರಿಯೂ ಬೇರೆಯಾಗುತ್ತವೆ. ಆಹಾರ ಶ್ವಾಸಕೋಶಕ್ಕೆ ಸೇರುವ ಭಯ ಬಹುಮಟ್ಟಿಗೆ ಇಲ್ಲವಾದರೂ ನುಂಗುವಿಕೆ ಸುಗಮವಾಗುವುದೆಂದು ಹೇಳಲಾಗದು. ಹೊಲಿದು ಕೂಡಿಸಿದ ಗಂಟಲ ಕೊಳವೆ ಕಿರಿದಾಗಬಹುದು, ತುತ್ತು ಅಲ್ಲಿಯೇ ನಿಲ್ಲಬಹುದು. ಮಾತು ಮರಳಿಸಲು ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಕವಾಟವನ್ನು ಅಳವಡಿಸುವ ವಿಧಾನ 1980ರಲ್ಲಿ ಬಳಕೆಗೆ ಬಂದಿತು. ಇಂಥ ಕವಾಟ ಹಳತಾದಾಗ ಕುಡಿದ ನೀರು ಅದರ ಮೂಲಕ ಶ್ವಾಸನಾಳಕ್ಕೆ ಜಿನುಗುವುದುಂಟು. ನೀರು ಕುಡಿದೊಡನೆ ಕತ್ತಿನ ರಂಧ್ರದಿಂದ ಕೆಮ್ಮು ಬರುವುದು ಅದರ ಸೂಚನೆ.

ವರ್ಷಗಳ ಅನಂತರದ ತೊಡಕು

ಗಾಯ ಮಾಗಿದಂತೆ ನುಂಗುವಿಕೆಯೂ ಸರಿಹೋಗುತ್ತದೆಂಬ ನಂಬಿಕೆ ಸಹಜ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಕಾಣುವುದೂ ನಿಜ. ಆದರೆ ಶಸ್ತ್ರಕ್ರಿಯೆಯ ಜೊತೆಗೆ ವಿಕಿರಣ ಪಡೆದವರಲ್ಲಿ ಇನ್ನೊಂದು ಪ್ರಕ್ರಿಯೆ ಸದ್ದಿಲ್ಲದೆ ಸಾಗುತ್ತಿರುತ್ತದೆ. ವಿಕಿರಣಕ್ಕೆ ಒಳಗಾದ ಸ್ನಾಯುಗಳು ಕ್ರಮೇಣ ನಾರುಗಟ್ಟುತ್ತವೆ. ಜೊಲ್ಲು ಗ್ರಂಥಿಗಳು ಒಣಗುತ್ತವೆ. ನಾಲಗೆಗೂ ಗಂಟಲಿಗೂ ಹೋಗುವ ನರಗಳು ಐದು, ಹತ್ತು ವರ್ಷಗಳ ಅನಂತರವೂ ದುರ್ಬಲಗೊಳ್ಳಬಹುದು. ಚೆನ್ನಾಗಿಯೇ ಉಣ್ಣುತ್ತಿದ್ದವರು ಬಹುಕಾಲದ ಮೇಲೆ ತುತ್ತು ಇಳಿಯುತ್ತಿಲ್ಲವೆಂದು ಹೇಳುವುದು ಹೀಗೆ. ಇಂಥ ಹೊಸ ತೊಡಕನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿರಬಾರದು. ಅದು ತಡವಾಗಿ ಕಾಣಿಸಿದ ವಿಕಿರಣದ ಪರಿಣಾಮವಿರಬಹುದು, ಕಿರಿದಾದ ಅನ್ನನಾಳವಿರಬಹುದು, ರೋಗದ ಮರುಕಳಿಕೆಯೂ ಇರಬಹುದು. ಮೂರನ್ನೂ ಪರೀಕ್ಷೆಯೇ ಬೇರ್ಪಡಿಸಬೇಕು.

ಕನ್ನಡದಲ್ಲಿ ಒಂದು ಮಾತಿದೆ: ‘ನೆತ್ತಿಗೆ ಹತ್ತಿತು’. ಉಣ್ಣುವಾಗ ಕೆಮ್ಮು ಬಂದರೆ ಯಾರೋ ನೆನೆಸಿಕೊಂಡರೆಂದು ಹೇಳಿ, ನೆತ್ತಿ ತಟ್ಟಿ, ನೀರು ಕೊಡುವುದು ಮನೆಮನೆಯ ವಾಡಿಕೆ. ವಾಸ್ತವವಾಗಿ ಆಹಾರ ಹತ್ತಿರುವುದು ನೆತ್ತಿಗಲ್ಲ, ಇಳಿದಿರುವುದು ಶ್ವಾಸನಾಳದ ಬಾಯಿಗೆ. ಆರೋಗ್ಯವಂತರಲ್ಲಿ ಆಗೊಮ್ಮೆ ಈಗೊಮ್ಮೆ ಹೀಗಾದರೆ ಕೆಮ್ಮೇ ಅದನ್ನು ಹೊರಹಾಕುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆ ಆದವರಿಗೆ ದಿನವೂ ನೆತ್ತಿಗೆ ಹತ್ತುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಆಗ ಅವಸರದಿಂದ ನೀರು ಕುಡಿಸುವುದು ಅಪಾಯವನ್ನು ಹೆಚ್ಚಿಸಬಹುದು, ಏಕೆಂದರೆ ತೆಳುವಾದ ನೀರೇ ಎಲ್ಲಕ್ಕಿಂತ ಬೇಗ ಶ್ವಾಸನಾಳಕ್ಕೆ ಜಾರುತ್ತದೆ.

ಇದಕ್ಕಿಂತ ಅಪಾಯಕರವಾದದ್ದು ನೆತ್ತಿಗೆ ಹತ್ತದೆಯೇ ಆಗುವ ಸೋರಿಕೆ. ಗಂಟಲಿನ ಸಂವೇದನೆ ಮಂದವಾದವರಲ್ಲಿ ಆಹಾರ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಉಂಡ ಮೇಲೆ ಧ್ವನಿ ಒದ್ದೆಯಾದಂತೆ ಗೊರಗೊರ ಎನ್ನುವುದು, ಮತ್ತೆ ಮತ್ತೆ ಜ್ವರ ಮತ್ತು ಕಫ ಕಾಣಿಸಿಕೊಳ್ಳುವುದು, ಒಂದು ಊಟಕ್ಕೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಅದರ ಪರೋಕ್ಷ ಚಿಹ್ನೆಗಳು. ಪದೇ ಪದೇ ನ್ಯುಮೋನಿಯಾ ಆಗುತ್ತಿರುವ ರೋಗಿಯನ್ನು ಕಂಡ ತಾಲ್ಲೂಕು ಆಸ್ಪತ್ರೆಯ ವೈದ್ಯರು ಅವನ ಕತ್ತಿನ ಮೇಲಿನ ಹಳೆಯ ಹೊಲಿಗೆಯ ಗುರುತನ್ನೂ ಗಮನಿಸಿ, “ಊಟ ಹೇಗೆ ಇಳಿಯುತ್ತಿದೆ?” ಎಂದು ಕೇಳಿದರೆ ಅರ್ಧ ರೋಗನಿದಾನವಾದಂತೆ.

ಪರೀಕ್ಷೆ ಮತ್ತು ಅಭ್ಯಾಸ

ನುಂಗುವಿಕೆಯನ್ನು ಕಣ್ಣಾರೆ ನೋಡುವ ಎರಡು ವಿಧಾನಗಳಿವೆ. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್‌ರೇ ಚಲನಚಿತ್ರ ತೆಗೆಯುವುದು ಒಂದು. ಅಮೆರಿಕದ ಜೆರಿ ಲೋಗ್‌ಮನ್ ಇದನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಪ್ರಮುಖರು. ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪನ್ನು ಇಳಿಸಿ, ರೋಗಿ ನುಂಗುತ್ತಿರುವಾಗಲೇ ಗಂಟಲನ್ನು ನೋಡುವುದು ಇನ್ನೊಂದು. ಇದನ್ನು ಸೂಸನ್ ಲ್ಯಾಂಗ್ಮೋರ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ವಿವರಿಸಿದರು. ಸದ್ದಿಲ್ಲದ ಸೋರಿಕೆಯನ್ನು ಖಚಿತವಾಗಿ ಗುರುತಿಸಲು ಇಂಥ ಪರೀಕ್ಷೆ ಅಗತ್ಯ.

ತೊಡಕಿನ ಸ್ವರೂಪ ತಿಳಿದ ಮೇಲೆ ವಾಕ್-ಭಾಷಾ ತಜ್ಞರು ಅದಕ್ಕೆ ತಕ್ಕ ಅಭ್ಯಾಸವನ್ನು ಸೂಚಿಸುತ್ತಾರೆ. ಗಂಟಲಿನ ಒಂದು ಪಾರ್ಶ್ವ ದುರ್ಬಲವಾಗಿದ್ದರೆ ತಲೆಯನ್ನು ಆ ದುರ್ಬಲ ಪಾರ್ಶ್ವಕ್ಕೆ ತಿರುಗಿಸಿ ನುಂಗಿದಾಗ ತುತ್ತು ಬಲವಾದ ಪಾರ್ಶ್ವದಿಂದ ಇಳಿಯುತ್ತದೆ. ಉಸಿರು ಬಿಗಿಹಿಡಿದು ನುಂಗಿ, ಕೂಡಲೇ ಕೆಮ್ಮಿ, ಮತ್ತೊಮ್ಮೆ ನುಂಗುವ ಕ್ರಮ ಶ್ವಾಸಮಾರ್ಗವನ್ನು ಕಾಯುತ್ತದೆ. ಗಲ್ಲವನ್ನು ಎದೆಯತ್ತ ಬಾಗಿಸುವುದು ಕೆಲವರಿಗೆ ಹಿತ. ಆದರೆ ನಾಲಗೆಯ ಹೆಚ್ಚಿನ ಭಾಗವನ್ನು ಕಳೆದುಕೊಂಡವರಿಗೆ ಅದರಿಂದ ತುತ್ತು ಬಾಯಲ್ಲಿಯೇ ಉಳಿಯಬಹುದು. ಆದುದರಿಂದ ಒಬ್ಬರಿಗೆ ಹೇಳಿದ ಭಂಗಿಯನ್ನು ಇನ್ನೊಬ್ಬರು ನೋಡಿ ಕಲಿಯುವುದು ತರವಲ್ಲ.

ಬಾಯಿ ತೆರೆಯುವ ಅಭ್ಯಾಸವನ್ನಂತೂ ಬಿಡಲೇಬಾರದು. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಣ ಅಂತರ 35 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಬಾಯಿಬಿಗಿತವೆಂದು ಪರಿಗಣಿಸುವುದು ರೂಢಿ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುವುದೇ ಎಂದು ನೋಡಿಕೊಳ್ಳುವುದು ಮನೆಯಲ್ಲಿಯೇ ಮಾಡಬಹುದಾದ ಸ್ಥೂಲ ಪರೀಕ್ಷೆ. ಕಳೆದ ತಿಂಗಳು ಹೋಗುತ್ತಿದ್ದ ಮೂರನೆಯ ಬೆರಳು ಈ ತಿಂಗಳು ಹೋಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬಾಯಿಯಿಂದ ಸಾಲುವಷ್ಟು ಆಹಾರ ಹೋಗದಿದ್ದಾಗ ಮೂಗಿನ ನಳಿಕೆಯನ್ನೋ ಹೊಟ್ಟೆಯ ಮೂಲಕ ನೇರವಾಗಿ ಜಠರಕ್ಕೆ ಇಳಿಸುವ ನಳಿಕೆಯನ್ನೋ ಆಶ್ರಯಿಸಬೇಕಾಗುತ್ತದೆ. ಇದು ಸೋಲಲ್ಲ, ಊರುಗೋಲು. ಆದರೆ ನಳಿಕೆಯಿದೆಯೆಂದು ನುಂಗುವುದನ್ನೇ ನಿಲ್ಲಿಸಿದರೆ, ಬಳಸದ ಸ್ನಾಯುಗಳು ಮತ್ತಷ್ಟು ಸೊರಗುತ್ತವೆ. ತಜ್ಞರು ಸುರಕ್ಷಿತವೆಂದ ಪ್ರಮಾಣದಲ್ಲಿ ದಿನವೂ ಕೆಲವು ಗುಟುಕಾದರೂ ನುಂಗುತ್ತಿರಬೇಕು. ಬಾಯಿಯ ಶುಚಿತ್ವವೂ ಇಲ್ಲಿ ಚಿಕಿತ್ಸೆಯೇ. ಶ್ವಾಸಕೋಶಕ್ಕೆ ಇಳಿಯುವ ಎಂಜಲಿನಲ್ಲಿ ರೋಗಾಣುಗಳು ಕಡಿಮೆಯಿದ್ದಷ್ಟೂ ನ್ಯುಮೋನಿಯಾದ ಸಂಭವ ಕಡಿಮೆ.

ರಾಗಿಯ ಮೆಟ್ಟಿಲುಗಳು

ಶಸ್ತ್ರಕ್ರಿಯೆಯಾದವರಿಗೆ ‘ಮೆತ್ತನೆಯ ಆಹಾರ ಕೊಡಿ’ ಎಂಬ ಸಲಹೆ ಸಾಲದು. ಎಷ್ಟು ಮೆತ್ತಗೆ, ಎಷ್ಟು ಮಂದ ಎಂಬುದು ನಿಖರವಾಗಿರಬೇಕು. ಇದಕ್ಕಾಗಿ 2010ರ ದಶಕದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ವರ್ಗೀಕರಣವೊಂದು ಪಾನೀಯ ಮತ್ತು ಆಹಾರಗಳನ್ನು 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿದೆ. ದ್ರವದ ಮಂದತ್ವವನ್ನು ಅಳೆಯಲು ಬೇಕಾಗುವುದು 10 ಮಿಲಿಲೀಟರಿನ ಸೂಜಿಯಿಲ್ಲದ ಒಂದು ಸಿರಿಂಜು ಮಾತ್ರ. ಅದರ ಸೊನ್ನೆಯಿಂದ ಹತ್ತರವರೆಗಿನ ಗುರುತು 61.5 ಮಿಲಿಮೀಟರು ಉದ್ದವಿರಬೇಕು. ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ, ದ್ರವವನ್ನು 10ರ ಗುರುತಿನವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಬಿಡಬೇಕು. ಒಂದು ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ನೀರಿನಂತೆ ತೆಳು, ಅಂದರೆ 0 ಹಂತ. 1ರಿಂದ 4 ಉಳಿದರೆ 1ನೆಯ ಹಂತ. 4ರಿಂದ 8 ಉಳಿದರೆ 2ನೆಯ ಹಂತ. 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಹರಿದರೆ 3ನೆಯ ಹಂತ. ಏನೂ ಹರಿಯದಿದ್ದರೆ 4 ಅಥವಾ ಅದಕ್ಕಿಂತ ಮೇಲಿನ ಹಂತ.

ಈ ಮಾಪನವನ್ನು ನಮ್ಮ ಅಡುಗೆಮನೆಗೆ ತಂದಾಗ ಒಂದು ಸಂತೋಷದ ಸಂಗತಿ ಕಾಣುತ್ತದೆ. ತೆಳು ಅಂಬಲಿ, ಮಂದ ಅಂಬಲಿ, ಗಂಜಿ, ಮಕ್ಕಳಿಗೆ ಉಣಿಸುವ ರಾಗಿ ಸರಿ, ಕೊನೆಗೆ ಮುದ್ದೆ ಹೀಗೆ ಒಂದೇ ಧಾನ್ಯ ತೆಳುವಿನಿಂದ ಗಟ್ಟಿಯವರೆಗಿನ ಹಲವು ಮೆಟ್ಟಿಲುಗಳನ್ನು ತಾನೇ ಒದಗಿಸುತ್ತದೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತದೊಡನೆ ವಾದಿಸಿ ಗೆದ್ದ ಈ ಧಾನ್ಯ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವನ್ನು ಕೊಡುತ್ತದೆ. ಆದರೆ ರಾಗಿಯ ಪ್ರೋಟೀನು 100 ಗ್ರಾಮಿಗೆ ಸುಮಾರು 7 ಗ್ರಾಂ ಮಾತ್ರ. ಆದುದರಿಂದ ಹಾಲು, ಗಟ್ಟಿ ಮೊಸರು, ನುಣ್ಣಗೆ ಅರೆದ ಹೆಸರುಬೇಳೆ, ಮೊಟ್ಟೆ, ಪಾವಗಡ-ಶಿರಾ ಸೀಮೆಯ ಕಡಲೆಕಾಯಿಯನ್ನು ಹುರಿದು ನಯವಾಗಿ ಅರೆದದ್ದು ಇವುಗಳಲ್ಲಿ ಒಗ್ಗುವುದನ್ನು ಗಂಜಿಗೆ ಸೇರಿಸಬೇಕು.

ಕೆಲವು ಎಚ್ಚರಿಕೆಗಳೂ ಅಗತ್ಯ. ಅಂಬಲಿ ಆರಿದಂತೆ ಮಂದವಾಗುತ್ತದೆ. ಆದುದರಿಂದ ಉಣ್ಣುವ ಬಿಸಿಯಲ್ಲಿಯೇ ಅದನ್ನು ಅಳೆಯಬೇಕು. ಜೊಲ್ಲು ಪಿಷ್ಟವನ್ನು ಕರಗಿಸುತ್ತದೆ; ಬಾಯಿಗಿಟ್ಟ ಚಮಚವನ್ನು ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಗಂಜಿ ನೀರಾಗುತ್ತದೆ. ಮಂದವಾದುದೆಲ್ಲ ಸುರಕ್ಷಿತವೆಂಬ ಎಣಿಕೆಯೂ ಸರಿಯಲ್ಲ. ಗಂಟಲಿಗೆ ತಳ್ಳುವ ಬಲವಿಲ್ಲದವರಲ್ಲಿ ಅತಿಮಂದವಾದ ಆಹಾರ ಅಲ್ಲಿಯೇ ಉಳಿದು, ಅನಂತರ ಉಸಿರಿನೊಡನೆ ಒಳಸೇರಬಹುದು. ದ್ರವವೂ ಗಟ್ಟಿಯೂ ಬೆರೆತ ಆಹಾರ ಎಲ್ಲಕ್ಕಿಂತ ಕಷ್ಟದ್ದು. ಕಾಳು ತೇಲುವ ನೀರುಸಾರು, ಹಾಲಿಗೆ ಹಾಕಿದ ಮಂಡಕ್ಕಿ ಇದಕ್ಕೆ ನಿದರ್ಶನ. ಇವುಗಳ ಬದಲು ಕಡೆದ ಮಸ್ಸೊಪ್ಪು, ಹಿದುಕಿದ ಅವರೆಬೇಳೆಯನ್ನು ಅರೆದು ಸೋಸಿದ ಸಾರು ಹೊಂದುತ್ತವೆ. ಮುದ್ದೆಗೆ ಮರಳುವುದು ಕೊನೆಯ ಮೆಟ್ಟಿಲು. ಅದನ್ನು ಎಲ್ಲರೂ ಏರಲಾರರು. ಏರಬಲ್ಲವರೂ ತಜ್ಞರ ಅನುಮತಿಯ ಮೇಲೆ, ನೆಟ್ಟಗೆ ಕುಳಿತು, ಸಡಿಲವಾಗಿ ಮಾಡಿದ ಮುದ್ದೆಯ ಕಡಲೆಗಾತ್ರದ ತುತ್ತಿನಿಂದ ಆರಂಭಿಸಬೇಕು.

ಪಂಕ್ತಿಯಿಂದ ದೂರ

ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್‌ಗಾಗಿ ಮೇಲ್ದವಡೆಯ ಮತ್ತು ಅಂಗುಳದ ಭಾಗವನ್ನು ತೆಗೆಯಲಾಯಿತು. ಆತ ಕೃತಕ ಅಂಗುಳವನ್ನು ಧರಿಸಿ, ಮೂವತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಿಗೆ ಒಳಗಾಗಿ, 1939ರವರೆಗೆ 16 ವರ್ಷ ಬದುಕಿದ. ಆ ಅವಧಿಯಲ್ಲಿ ಬರವಣಿಗೆ ನಿಲ್ಲಲಿಲ್ಲ. ಆದರೆ ಇತರರ ಎದುರಿನಲ್ಲಿ ಊಟ ಮಾಡಲು ಆತ ಹಿಂಜರಿಯುತ್ತಿದ್ದ. ಮನುಷ್ಯನ ಮನಸ್ಸನ್ನು ಅಷ್ಟು ಆಳವಾಗಿ ಶೋಧಿಸಿದವನಿಗೂ ಈ ಸಂಕೋಚ ತಪ್ಪಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಈ ಸಂಕೋಚದ ಬೆಲೆ ಇನ್ನೂ ಹೆಚ್ಚು. ಇಲ್ಲಿ ಮದುವೆ, ತಿಥಿ, ಜಾತ್ರೆ, ಪರಿಷೆಗಳೆಲ್ಲ ಪಂಕ್ತಿಯ ಊಟದಲ್ಲಿ ಕೊನೆಗೊಳ್ಳುತ್ತವೆ. ಕೆಮ್ಮು ಬಂದೀತು, ಬಾಯಂಚಿನಿಂದ ಸಾರು ಸುರಿದೀತು, ಎಲ್ಲರೂ ಎದ್ದ ಮೇಲೂ ತನ್ನೆಲೆ ಖಾಲಿಯಾಗದೆ ಉಳಿದೀತು ಎಂಬ ಅಳುಕಿನಿಂದ ರೋಗಿ ಮೊದಲು ಪಂಕ್ತಿಯನ್ನು ಬಿಡುತ್ತಾನೆ, ಅನಂತರ ಸಮಾರಂಭವನ್ನೇ ಬಿಡುತ್ತಾನೆ. ಮನೆಯಲ್ಲಿಯೂ ಒಂಟಿಯಾಗಿ ಉಣ್ಣತೊಡಗುತ್ತಾನೆ. ಮನೆಮಂದಿಗೆ ಬಡಿಸುವ ಹೆಣ್ಣುಮಗಳೇ ರೋಗಿಯಾದರೆ ಅವಳು ಎಷ್ಟು ಉಂಡಳೆಂಬುದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಆದುದರಿಂದ ತೂಕ, ಜ್ವರಗಳ ಜೊತೆಗೆ ‘ಯಾರೊಡನೆ ಉಣ್ಣುತ್ತೀರಿ?’ ಎಂಬುದೂ ವೈದ್ಯರು ಕೇಳಬೇಕಾದ ಪ್ರಶ್ನೆಯಾಗಿದೆ.

ಊರಿನ ಬಳಿಯ ಆರೈಕೆ

ರಾಜ್ಯದಲ್ಲಿ ಈ ವಿಷಯಕ್ಕೆ ಬೇಕಾದ ತಜ್ಞತೆಯ ಕೊರತೆಯಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಿರತವಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ವಾಕ್-ಭಾಷಾ ತಜ್ಞರನ್ನು ತರಬೇತುಗೊಳಿಸುತ್ತ ಬಂದಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಶಸ್ತ್ರಚಿಕಿತ್ಸೆಯ ಹೊರೆಯನ್ನು ಅನೇಕ ಕುಟುಂಬಗಳಿಗೆ ಹಗುರಗೊಳಿಸಿದೆ. ಆದರೆ ಶಸ್ತ್ರಕ್ರಿಯೆ ಒಂದು ದಿನದ ಕೆಲಸ, ನುಂಗುವಿಕೆಯ ಆರೈಕೆ ಹಲವು ವರ್ಷಗಳದ್ದು. ಪಾವಗಡದ ಗಡಿಹಳ್ಳಿಯ ಕೂಲಿಕಾರನೊಬ್ಬ ಅಭ್ಯಾಸ ಕಲಿಯಲು ಪ್ರತಿ ಸಲವೂ ದಿನಗೂಲಿ ಬಿಟ್ಟು ಬೆಂಗಳೂರಿಗೆ ಹೋಗಿಬರಬೇಕೆಂದರೆ ಅವನು ಮೂರನೆಯ ಸಲಕ್ಕೆ ನಿಲ್ಲಿಸಿಬಿಡುತ್ತಾನೆ. ಅದಕ್ಕಾಗಿ ಅವನನ್ನು ದೂರುವಂತಿಲ್ಲ.

ಇದಕ್ಕೆ ಪರಿಹಾರ ಕಷ್ಟಸಾಧ್ಯವೇನಲ್ಲ. ಶಸ್ತ್ರಕ್ರಿಯೆಗೆ ಮುನ್ನವೇ ರೋಗಿಗೂ ಮನೆಯವರಿಗೂ ನುಂಗುವಿಕೆಯಲ್ಲಿ ಆಗಲಿರುವ ಬದಲಾವಣೆಯನ್ನು ತಿಳಿಸಬೇಕು. ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಚೀಟಿಯಲ್ಲಿ ಔಷಧಿಗಳ ಜೊತೆಗೆ ಆಹಾರದ ಹಂತ, ನುಂಗುವ ಭಂಗಿ ಮತ್ತು ಅಪಾಯದ ಚಿಹ್ನೆಗಳನ್ನು ಕನ್ನಡದಲ್ಲಿ ಬರೆದುಕೊಡಬೇಕು. ಬಾಯಿಯ ಕ್ಯಾನ್ಸರ್‌ನ ತಪಾಸಣೆಗೆಂದು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ, ಚಿಕಿತ್ಸೆ ಮುಗಿಸಿದವರನ್ನೂ ಕಂಡು ತೂಕ, ಜ್ವರ, ಬಾಯಿ ತೆರೆಯುವ ಅಳತೆ ಮತ್ತು ಊಟಕ್ಕೆ ಹಿಡಿಯುವ ಸಮಯ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡುವ ತರಬೇತಿ ಕೊಡಬಹುದು. ಜಿಲ್ಲಾ ಆಸ್ಪತ್ರೆಯ ವಾಕ್-ಭಾಷಾ ತಜ್ಞರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾದರೆ, ಹೆಚ್ಚಿನ ಪರೀಕ್ಷೆಗೆ ಯಾರನ್ನು ಬೆಂಗಳೂರಿಗೆ ಕಳುಹಿಸಬೇಕೆಂಬುದು ಸಕಾಲದಲ್ಲಿ ನಿರ್ಧಾರವಾಗುತ್ತದೆ.

ಕನ್ನಡಿಗರು ಒಬ್ಬರನ್ನೊಬ್ಬರು ಕಂಡಾಗ ಮೊದಲು ಕೇಳುವುದು ‘ಊಟ ಆಯಿತೆ?’ ಎಂದು. ತಲೆ-ಕತ್ತಿನ ಕ್ಯಾನ್ಸರ್‌ನಿಂದ ಪಾರಾಗಿ ಬಂದವರ ಮಟ್ಟಿಗೆ ಅದು ಕೇವಲ ಉಪಚಾರದ ಮಾತಾಗಿರಬಾರದು. ಚಿಕಿತ್ಸೆ ಮುಗಿದು ಒಂದು ವರ್ಷವಾಗಲಿ ಹತ್ತು ವರ್ಷವಾಗಲಿ, ಉತ್ತರ ಬರುವವರೆಗೆ ಕಾದು ಕೇಳಬೇಕಾದ ಪ್ರಶ್ನೆಯದು. ಆ ಉತ್ತರದಲ್ಲಿ ಅಂಬಲಿಯೆಂದಿದ್ದರೂ ಸರಿ, ಗಂಜಿಯೆಂದಿದ್ದರೂ ಸರಿ, ಅದು ಸುರಕ್ಷಿತವಾಗಿ ಇಳಿಯುತ್ತಿದೆಯೆಂದೂ ನಾಲ್ವರೊಡನೆ ಕುಳಿತು ಉಂಡುದೆಂದೂ ಇದ್ದರೆ, ಆ ಚಿಕಿತ್ಸೆಯನ್ನು ಸಫಲವೆಂದು ಕರೆಯಬಹುದು.